ಪಾಟಿಯನ್ನು ಕೆಂಪು ಮಾಡುವ ವಿದ್ಯೆ

ನಮ್ಮ ಕೈಗೆ ಟ್ಯಾಬ್ ಬಂದ ದಿನ ಜಮಖಂಡಿಯಲ್ಲಿ ಮೂರು ತಾಸು ಭಾಷಣ, ಒಂದು ತಾಸು ಊಟ, ಹದಿನೈದು ನಿಮಿಷ ಟ್ಯಾಬ್ ನಡೆದವು. ಭಾಷಣದಲ್ಲಿ ನನಗೆ ನೆನಪಿರುವುದು ಒಂದೇ ಮಾತು. ಬಿಳಿ ಅಂಗಿ ತೊಟ್ಟು ದೂರದಿಂದ ಬಂದಿದ್ದ ಸಾಹೇಬರು, "ಇನ್ನು ಮುಂದೆ ನೀವು ಯೋಚನೆ ಮಾಡಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಏನು ಮಾಡಬೇಕು ಅಂತ ಇದೇ ಹೇಳುತ್ತದೆ" ಅಂದರು. ಪಕ್ಕದಲ್ಲಿ ಕೂತಿದ್ದ ಸಿಸ್ಟರೊಬ್ಬಳು ನನ್ನ ಕಿವಿಯಲ್ಲಿ, "ಇಷ್ಟ ದಿನ ನಾವು ಯೋಚನಿ ಮಾಡಾಕತ್ತಿದ್ವಿ ಅಂತ ಇವರಿಗೆ ಯಾರ ಹೇಳ್ಯಾರ?" ಅಂದಳು. ನಗು ತಡೆಯಲಾಗದೆ ಕೆಮ್ಮಿದೆ. ಸಾಹೇಬರು ಪಾಪ, ನನಗೆ ನೀರು ತರಿಸಿಕೊಟ್ಟರು.

ನಾನು ನರ್ಸು. ಹುಟ್ಟಿದ್ದು ಮುಧೋಳ. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಗುಮಾಸ್ತರು. ನೌಕರಿ ಸಿಕ್ಕಿದ್ದು ಬೀಳಗಿ ತಾಲೂಕಿನ, ಕೃಷ್ಣೆಯ ದಂಡೆಯ ಮೇಲಿನ ಒಂದು ಊರಿನಲ್ಲಿ. ಎರಡು ಕೋಣೆಯ ಉಪಕೇಂದ್ರ, ಒಂದು ಮಂಚ, ಒಂದು ಬೆಂಚು, ಸೆಲ್ಲು ಹೋಗಿ ಬಿದ್ದಿರುವ ಒಂದು ಹೊಸ ಬಿಪಿ ಮಷೀನು, ಮುಳ್ಳು ತಿರುಗುವ ಒಂದು ಹಳೆಯ ಬಿಪಿ ಮಷೀನು. ಅಲ್ಲಿ ನಾನು ಇಪ್ಪತ್ತು ವರ್ಷದಿಂದ ಇದ್ದೇನೆ. ಊರಿನ ಅರ್ಧ ಮಕ್ಕಳಿಗೆ ಸೂಜಿ ಚುಚ್ಚಿದವಳು ನಾನೇ. ಹಾಗಾಗಿ ಊರಿನ ಅರ್ಧ ಮಕ್ಕಳು ನನ್ನನ್ನು ಕಂಡರೆ ಓಡುತ್ತಾರೆ.

ಟ್ಯಾಬಿನ ಕೆಲಸ ಸರಳ. ಬಸುರಿ ಹೆಂಗಸು ಬಂದರೆ ಅವಳ ವಯಸ್ಸು, ತಿಂಗಳು, ಬಿಪಿ, ರಕ್ತದ ಪ್ರಮಾಣ ಎಲ್ಲ ಅದರಲ್ಲಿ ತುಂಬಬೇಕು. ಆಮೇಲೆ ಅದು ಒಂದು ಸಾಲು ಪ್ರಶ್ನೆ ಕೇಳುತ್ತದೆ, ನಾವು ಹೌದು ಅಥವಾ ಇಲ್ಲ ಒತ್ತಬೇಕು. ಎಲ್ಲ ಮುಗಿದ ಮೇಲೆ ಅದು ತನ್ನ ತೀರ್ಪು ಕೊಡುತ್ತದೆ. ಹಸಿರು ಬಂದರೆ ಮನೆಗೆ ಹೋಗಬಹುದು. ಹಳದಿ ಬಂದರೆ ಮತ್ತೆ ಬಂದು ತೋರಿಸಬೇಕು. ಕೆಂಪು ಬಂದರೆ ಈಗಿಂದೀಗ ದೊಡ್ಡ ದವಾಖಾನೆ. ಕೆಂಪು ಬರುವಾಗ ಅದು ಕಿಟಾರನೆ ಕಿರುಚುತ್ತದೆ ಕೂಡ, ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ.

ಅದರ ಕನ್ನಡ ಮಾತ್ರ ಯಾವ ಊರಿನದೋ ದೇವರಿಗೇ ಗೊತ್ತು. "ಗರ್ಭಿಣಿಯು ಭ್ರೂಣದ ಚಲನೆಯಲ್ಲಿ ಇಳಿಕೆಯನ್ನು ಗಮನಿಸಿರುವರೇ?" ಅಂತ ಕೇಳುತ್ತದೆ. ಮೊದಲ ವಾರ ನಾನು ಇದ್ದದ್ದನ್ನು ಇದ್ದ ಹಾಗೇ ಗಟ್ಟಿಯಾಗಿ ಓದಿದೆ. ಬೆಂಚಿನ ಮೇಲೆ ಕೂತಿದ್ದ ಹೆಂಗಸರು ಪುರಾಣ ಸುರುವಾಯಿತು ಅಂದುಕೊಂಡು ತಲೆ ಮೇಲೆ ಸೆರಗು ಹೊದ್ದುಕೊಂಡರು. ಎರಡನೇ ವಾರದಿಂದ ನಾನು, "ಕೂಸು ಒದ್ಯಾಕತ್ತೈತಿಲ್ಲವಾ?" ಅಂತ ಕೇಳತೊಡಗಿದೆ.

ಊರವರು ಅದಕ್ಕೆ ಪಾಟಿ ಅಂತ ಹೆಸರಿಟ್ಟರು. ಸಾಲಿ ಮಕ್ಕಳು ಬರೆಯುವ ಪಾಟಿಯ ಹಾಗೇ ಇತ್ತಲ್ಲ, ಅದಕ್ಕೆ. ಒಂದು ತಿಂಗಳೊಳಗೆ ಪಾಟಿಯ ಮಾನ ಮರ್ಯಾದೆ ಎಲ್ಲಿಗೋ ಹೋಯಿತು. ಮಂಡಿನೋವಿನ ಒಬ್ಬ ಮುದುಕರು ಧೋತರ ಮೇಲಕ್ಕೆತ್ತಿ ಮಂಡಿಯನ್ನು ಟ್ಯಾಬಿನ ಮುಂದೆ ಹಿಡಿದು, "ನನಗೂ ಒಮ್ಮಿ ಹಚ್ಚಿ ನೋಡ್ರಿ" ಅಂದರು.

"ಇದು ಬಸುರಿ ಹೆಣ್ಣಮಕ್ಕಳಿಗೆ ಅಷ್ಟರಿ, ಅಜ್ಜಾರ."

"ಹಂಗಾರ ಗಂಡಸರು ಸಾಯ್ಲೇನು?" ಅಂತ ಅವರು ಧೋತರ ಇಳಿಸಿಕೊಂಡು ಸಿಟ್ಟಾಗಿ ಹೋದರು.

ಇದೆಲ್ಲ ನಗುವ ಮಾತಾಯಿತು. ನಗದ ಮಾತು ಒಂದಿತ್ತು. ಇಪ್ಪತ್ತು ವರ್ಷದಿಂದ ನಾನು ಈ ಊರಿನ ಮನೆ ಮನೆಗೆ ಹೋಗಿ, "ಈಕಿನ್ನ ದವಾಖಾನಿಗೆ ಒಯ್ರಿ" ಅಂತ ಗಂಟಲು ಹರಿದುಕೊಂಡಿದ್ದೇನೆ. "ನೋಡೂಣು," "ಅಮಾಸಿ ಹೋಗ್ಲಿ," "ಮಾವಗ ಕೇಳ್ತೀವಿ" ಅಂತ ನನ್ನನ್ನು ಬಾಗಿಲಲ್ಲೇ ಸಾಗಹಾಕಿದವರು, ಈಗ ಪಾಟಿ ಕೆಂಪಾದ ಕೂಡಲೇ ಟಂಟಂ ಗಾಡಿ ಸುರು ಮಾಡುತ್ತಿದ್ದರು. ಅಮಾಸಿಯೂ ಇಲ್ಲ, ಮಾವನೂ ಇಲ್ಲ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಹೊಟ್ಟೆ ಉರಿಯಿತು. ಎಂಟು ತಿಂಗಳ ಹಿಂದೆ ಬಂದ ಒಂದು ಗಾಜಿನ ತುಂಡು ನನಗಿಂತ ದೊಡ್ಡ ಸಿಸ್ಟರ್ ಆಗಿಬಿಟ್ಟಿತ್ತು.

ಹೊಟ್ಟೆ ಉರಿದದ್ದು ನನಗೊಬ್ಬಳಿಗೇ ಅಲ್ಲ. ತಿಂಗಳ ಮೀಟಿಂಗಿಗೆ ಸೇರಿದಾಗ ಎಲ್ಲ ಸಿಸ್ಟರುಗಳದ್ದೂ ಅದೇ ಗೋಳು. ಭಜಿ ತಿನ್ನುತ್ತ, ಚಹಾ ಕುಡಿಯುತ್ತ ಮಾತಾಡುವಾಗ ನನಗೆ ಆ ವಿದ್ಯೆ ಸಿಕ್ಕಿತು. ಟ್ರೇನಿಂಗಿನಲ್ಲಿ ಕಿವಿ ಕಚ್ಚಿದ್ದಳಲ್ಲ, ಅದೇ ಸಿಸ್ಟರು ಹೇಳಿದ್ದು: "ಮನಿ ಮಂದಿ ಹಠ ಮಾಡಿದ್ರ ಬಾಯಿ ಬಡಕೋಬ್ಯಾಡ. ಬಿಪಿ ನೂರಾ ಹತ್ತ ಇದ್ರ ನೂರಾ ಐವತ್ತ ಒತ್ತು. ಪಾಟಿ ಕೆಂಪ ಆಕ್ಕೈತಿ. ಅವರ ಓಡತಾರ." ನಾವು ಅದಕ್ಕೆ 'ಕೆಂಪು ಮಾಡೋದು' ಅಂತ ಕರೆದೆವು. ದವಾಖಾನೆಯಲ್ಲಿ ಹೇಗೂ ಇನ್ನೊಮ್ಮೆ ಬಿಪಿ ನೋಡುತ್ತಾರೆ, ಯಾರಿಗೂ ನಷ್ಟವಿಲ್ಲ ಅಂತ ನಮ್ಮ ಲೆಕ್ಕಾಚಾರ.

ನಾನೂ ಮಾಡಿದೆ. ಮುಖ ಎಲ್ಲ ಬಿಳಚಿಕೊಂಡು ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಿದ್ದ ಒಬ್ಬಳಿಗೆ ಪಾಟಿ ಹಳದಿ ತೋರಿಸಿತು. ಮನೆಯವರು, "ಹಳದಿ ಐತಲ್ಲ, ಸಂತಿ ಮುಗಿಸಿ ಹೋಗ್ತೀವಿ" ಅಂದರು. ಕೆಂಪು ಮಾಡಿದೆ. ಅವತ್ತೇ ಹೋದರು. ಅಲ್ಲಿ ಅವಳಿಗೆ ರಕ್ತ ಏರಿಸಿದರು. ಬಂದ ಮೇಲೆ ಅವಳ ಗಂಡ ನನಗೆ ಕೈ ಮುಗಿದ. ಆಮೇಲೆ ಇನ್ನಿಬ್ಬರಿಗೆ ಮಾಡಿದೆ. ಎರಡೂ ಸಲ ಏನೋ ಒಂದು ಕಾಯಿಲೆ ಅಲ್ಲಿ ಸಿಕ್ಕೇ ಸಿಕ್ಕಿತು. ನನ್ನ ತಲೆ ತಿರುಗಲು ಅಷ್ಟು ಸಾಕಾಯಿತು. ಪಾಟಿಗಿಂತ ನನಗೇ ಹೆಚ್ಚು ಗೊತ್ತು, ಪಾಟಿ ನನ್ನ ಕೈಯಲ್ಲಿರುವ ಕೋಲು ಅಷ್ಟೇ ಅಂದುಕೊಂಡೆ.

ಆ ಹೊತ್ತಿಗೆ ಊರಿನ ದೊಡ್ಡ ಮನೆಯೊಂದರ ಸೊಸೆ ಬಸುರಾದಳು. ಲಿಂಗವಂತರ ಮನೆ, ನದಿಗುಂಟ ಕಬ್ಬಿನ ಹೊಲ, ಹಜಾರದಲ್ಲಿ ಹಿತ್ತಾಳೆಯ ತೂಗುಮಂಚ. ಮನೆ ನಡೆಸುವವಳು ಅತ್ತೆ. ಹಣೆ ತುಂಬ ಇಬತ್ತಿ, ಬಾಯಿ ತುಂಬ ಮಾತು. ಸೊಸೆ ಬನಹಟ್ಟಿಯ ಹುಡುಗಿ. ಅವಳ ಅಪ್ಪನದು ಮಗ್ಗದ ಮನೆ, ತಾಯಿ ತೀರಿಕೊಂಡಿದ್ದಳು. ಚೊಚ್ಚಲು ಬಸುರಿ ತವರಿಗೆ ಹೋಗುವುದು ನಮ್ಮ ಕಡೆಯ ಪದ್ಧತಿ. ಆದರೆ ತವರಿನಲ್ಲಿ ಬಾಣಂತನ ಮಾಡುವವರು ಯಾರೂ ಇಲ್ಲದ್ದರಿಂದ, "ನನ್ನ ಮನ್ಯಾಗ ಹಡೀಲಿ" ಅಂತ ಅತ್ತೆಯೇ ಅಂದಿದ್ದಳು. ಅದು ಒಳ್ಳೆಯ ಮಾತೇ. ಹುಡುಗಿ ಮಾತ್ರ ಯಾರು ಏನು ಕೇಳಿದರೂ ಅತ್ತೆಯ ಮುಖ ನೋಡಿ ಆಮೇಲೆ ಬಾಯಿ ಬಿಡುತ್ತಿದ್ದಳು.

ಏಳನೇ ತಿಂಗಳಲ್ಲಿ ಕುಬಸದ ಕಾರ್ಯ, ಅಂದರೆ ಸೀಮಂತ, ಇಟ್ಟುಕೊಂಡಿದ್ದರು. ಅದಕ್ಕೆ ಒಂದು ವಾರ ಮೊದಲು ನಾನು ಟ್ಯಾಬ್ ಹಿಡಿದುಕೊಂಡು ಅವರ ಮನೆಗೆ ಹೋದೆ. ಹಜಾರದ ತುಂಬ ಓಣಿಯ ಹೆಂಗಸರು ಹಪ್ಪಳ ಲಟ್ಟಿಸುತ್ತಿದ್ದರು. ಹುಡುಗಿಯ ಬಿಪಿ ನೋಡಿದೆ. ನೂರಾ ಹತ್ತು, ಎಪ್ಪತ್ತು. ಬಂಗಾರದಂಥ ಬಿಪಿ. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅವ್ವಾರ, ಮಧ್ಯಾಹ್ನ ಊಟ ಆದ ಮ್ಯಾಲೆ ಈಕಿನ್ನ ಎರಡ ತಾಸ ಮಲಗಸ್ರಿ. ನೀರಿನ ಕೊಡ ಎತ್ತಸಬ್ಯಾಡ್ರಿ" ಅಂದೆ.

ಅತ್ತೆ ಲಟ್ಟಣಿಗೆ ಕೆಳಗಿಡದೆ ಹೇಳಿದಳು: "ನಾವೇನ ಹಡದಿಲ್ಲೇನವಾ ನರ್ಸಬಾಯಿ? ನಾ ಹಡ್ಯೂ ಮುಂಜಾನಿ ಎಂಟ ಮಂದಿಗೆ ರೊಟ್ಟಿ ಬಡದೀನಿ. ನಿನ್ನ ಶಾಣ್ಯಾತನ ನಿನ್ನ ಕಡೆ ಇರ್ಲಿ. ಪಾಟಿ ಏನ ಅಂತೈತಿ, ಅಷ್ಟ ಹೇಳು."

ಹಜಾರದ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಇಪ್ಪತ್ತು ವರ್ಷ. ಆ ನಗುತ್ತಿದ್ದವರಲ್ಲಿ ಐದು ಜನರ ಹೆರಿಗೆ ನಾನೇ ಮಾಡಿಸಿದ್ದೆ. ಪಾಟಿ ಬಿಪಿ ಎಷ್ಟು ಅಂತ ಕೇಳುತ್ತ ಕಾದಿತ್ತು. ಪಾಟಿ ಏನು ಅನ್ನುತ್ತದೋ ಅದು ಬೇಕಲ್ಲ ನಿಮಗೆ, ತಗೋರಿ ಅಂತ ನೂರಾ ಐವತ್ತು ಒತ್ತಿದೆ, ಕೆಳಗೆ ನೂರು ಒತ್ತಿದೆ.

ಪಾಟಿ ಕಿರುಚಿತು. ನಗು ನಿಂತಿತು. ಅತ್ತೆಯ ಕೈಯಿಂದ ಲಟ್ಟಣಿಗೆ ಜಾರಿತು. ಅವಳ ಮುಖ ಸುಣ್ಣದ ಹಾಗೆ ಬಿಳಿಯಾದದ್ದು ನೋಡಿ ನನಗೆ ಖುಷಿಯಾಯಿತು. ಈಗ ಸುಳ್ಳು ಯಾಕೆ ಹೇಳಲಿ? ಬಹಳ ಖುಷಿಯಾಯಿತು.

ಹಪ್ಪಳ ಅಲ್ಲೇ ಬಿಟ್ಟು ಅತ್ತೆ ಸೊಸೆಯನ್ನು ಜಮಖಂಡಿಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ಮೂರು ಸಲ ಬಿಪಿ ನೋಡಿದರಂತೆ. ಮೂರು ಸಲವೂ ನೂರಾ ಹತ್ತು. "ಏನೂ ಆಗಿಲ್ಲ, ಹುಡುಗಿ ಗಟ್ಟಿ ಇದಾಳ. ಯಾರ ಕಳಿಸ್ಯಾರ ನಿಮ್ಮನ್ನ?" ಅಂತ ನಕ್ಕು ಕಳಿಸಿದರಂತೆ. ಆ ನಗೆಯನ್ನು ಅತ್ತೆ ಜಮಖಂಡಿಯಿಂದ ಊರಿನತನಕ ಮಡಿಲಲ್ಲಿ ಕಟ್ಟಿಕೊಂಡು ಬಂದಳು.

ಕುಬಸಕ್ಕೆ ನನಗೂ ಕರೆ ಬಂತು. ಹೋಗದಿದ್ದರೆ ತಪ್ಪಾಗುತ್ತದೆ ಅಂತ ಹೋದೆ. ಹುಡುಗಿ ಹೊಸ ಖಣದ ಕುಬಸ ತೊಟ್ಟು, ಎರಡೂ ಕೈ ತುಂಬ ಹಸಿರು ಬಳೆ ಇಟ್ಟುಕೊಂಡು ಕೂತಿದ್ದಳು. ಊಟಕ್ಕೆ ಕೂತಾಗ ಅತ್ತೆ ಇಡೀ ಪಂಕ್ತಿಗೆ ಕೇಳುವ ಹಾಗೆ ಕೂಗಿದಳು: "ನರ್ಸಬಾಯಿ ಬಾಜೂಕ ಇನ್ನೊಂದ ಎಲಿ ಹಾಕ್ರಿ. ಪಾಟೀನೂ ಉಣ್ಣತೈತಿ!"

ಖರೇನೇ ಎಲೆ ಹಾಕಿದರು. ಒಂದು ಹೋಳಿಗೆ ಬಡಿಸಿ ಮೇಲೆ ತುಪ್ಪವನ್ನೂ ಹಾಕಿದರು. ಪಂಕ್ತಿ ಪೂರ್ತಿ ನಕ್ಕಿತು. ನಾನೂ ನಕ್ಕೆ, ಬೇರೆ ಏನು ಮಾಡಲಿ? ಹೊರಡುವಾಗ ಅತ್ತೆ ಎಲೆ ಅಡಿಕೆ ಕೊಡುತ್ತ, ಈ ಸಲ ನನಗೊಬ್ಬಳಿಗೇ ಕೇಳುವ ಹಾಗೆ, "ಪಾಟಿ ತಪ್ಪಿಲ್ಲವಾ. ಬೆರಳ ತಪ್ಪೇತಿ. ನನಗೇನ ತಿಳ್ಯೂದಿಲ್ಲ ಅಂದಕೊಂಡೀ?" ಅಂದಳು. ಎಲೆ ಬಾಯಿಗೆ ಹಾಕಿಕೊಂಡು ಹೊರಬಿದ್ದೆ.

ಆಮೇಲೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಹುಡುಗಿ ತಾನೇ ಉಪಕೇಂದ್ರಕ್ಕೆ ಬಂದು ಗುಳಿಗೆ ಒಯ್ಯುತ್ತಿದ್ದಳು. ನಾನು ಮುಖ ಗಂಟು ಹಾಕಿಕೊಂಡೇ ಕೊಡುತ್ತಿದ್ದೆ. ಸಿಟ್ಟು ಅತ್ತೆಯ ಮೇಲೆ, ಗಂಟು ಮುಖ ಸೊಸೆಗೆ. ಒಂಬತ್ತನೇ ತಿಂಗಳು ಹಿಡಿದ ಮೇಲೆ ಒಂದು ಗುರುವಾರ ಬಂದಳು. ಅವತ್ತು ಸಣ್ಣ ಮಕ್ಕಳಿಗೆ ಸೂಜಿ ಹಾಕುವ ದಿನ. ಅಂಗಳದಲ್ಲಿ ಅಳು, ರಂಪ. ಬಿಪಿ ಪಟ್ಟಿ ಕಟ್ಟಲು ನನಗೆ ಪುರುಸೊತ್ತಿರಲಿಲ್ಲ, ಮನಸ್ಸೂ ಇರಲಿಲ್ಲ. ಹಿಂದಿನ ಸಲದ ಅಂಕಿಯನ್ನೇ ಪಾಟಿಯಲ್ಲಿ ಒತ್ತಿ, ಹಸಿರು ಮಾಡಿ ಕಳಿಸಿದೆ. ಕೆಂಪು ಮಾಡುವ ವಿದ್ಯೆ ಕಲಿತವಳಿಗೆ ಹಸಿರು ಮಾಡುವುದು ಏನು ದೊಡ್ಡದು?

ಸೋಮವಾರ ಮುಂಜಾನೆ ಆ ಓಣಿಯಲ್ಲಿ ಹೋಗುತ್ತಿದ್ದೆ. ಹುಡುಗಿ ಕಟ್ಟೆಯ ಮೇಲೆ ಕೂತಿದ್ದಳು. ದೂರದಿಂದ ಗುರುತೇ ಹತ್ತಲಿಲ್ಲ. ಮುಖ ಉಬ್ಬಿ ಕಣ್ಣು ಸಣ್ಣಗಾಗಿದ್ದವು. ಹತ್ತಿರ ಹೋಗಿ ಕೈ ನೋಡಿದೆ. ಕುಬಸದ ದಿನ ಗಲಗಲ ಅನ್ನುತ್ತಿದ್ದ ಹಸಿರು ಬಳೆಗಳು ಬಾತ ಕೈಯೊಳಗೆ ಹೂತುಕೊಂಡು ಕೂತಿದ್ದವು. ಒಂದೂ ಅಲುಗಾಡುತ್ತಿರಲಿಲ್ಲ.

ಯಾರನ್ನೂ ಕೇಳದೇ ಅವಳನ್ನು ಒಳಗೆ ಕರೆದೊಯ್ದೆ. ಚೀಲದಿಂದ ಹಳೆಯ ಬಿಪಿ ಮಷೀನು ತೆಗೆದು ಪಟ್ಟಿ ಕಟ್ಟಿದೆ. ನೂರಾ ಎಪ್ಪತ್ತು, ನೂರಾ ಹತ್ತು. ನನ್ನ ಕಿವಿಯ ಮೇಲೆ ನನಗೇ ನಂಬಿಕೆ ಬರದೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದೆ. ಅಷ್ಟೇ. ಮೂತ್ರದಲ್ಲಿ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ ನೋಡಿದೆ. ಅದೂ ಬಣ್ಣ ತಿರುಗಿತು. ಎಲ್ಲವನ್ನೂ ಪಾಟಿಯಲ್ಲಿ ಇದ್ದದ್ದು ಇದ್ದ ಹಾಗೆ ಒತ್ತಿದೆ. ಕಿರುಚಿತು.

ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. "ಮತ್ತ ಕೆಂಪೇನು? ಈ ಸಲ ಯಾವ ಬೆರಳವಾ?"

"ಅವ್ವಾರ, ಇದು ಆಟ ಅಲ್ಲರಿ. ಹಿಂಗ ಬಿಟ್ರ ಫಿಟ್ಸ್ ಬಂದಂಗ ಝಟಕಿ ಬರತಾವ. ತಾಯಿನೂ ಉಳ್ಯೂದಿಲ್ಲ, ಕೂಸೂ ಉಳ್ಯೂದಿಲ್ಲ."

"ಬಸುರಿ ಕೈಕಾಲು ಬಾಯೂದ ಹೊಸಾದೇನ? ಅವತ್ತೂ ಹಿಂಗ ಅಂದಿದ್ದಿ. ಜಮಖಂಡ್ಯಾಗ ಡಾಕ್ಟರ ಮುಂದ ನಾ ಹುಚ್ಚಿ ಆದೆ. ಮತ್ತೊಮ್ಮಿ ಆಗೂದಿಲ್ಲ." ಮೊರ ಮತ್ತೆ ಆಡಿತು.

ಸುತ್ತ ಯಾರೂ ಇರಲಿಲ್ಲ. ನಾವು ಮೂವರೇ. ಅವಳ ಮುಂದೆ ಕೂತು ಹೇಳಿದೆ: "ಅವತ್ತ ನಾ ಸುಳ್ಳ ಒತ್ತಿದ್ದೆ. ಮಂದಿ ಮುಂದ ನೀವು ನಗಿಸಿದ್ರಿ ಅಂತ ಸಿಟ್ಟಿಗೆ ಒತ್ತಿದೆ. ತಪ್ಪಾತು. ಇವತ್ತ ಖರೆ."

"ಅವತ್ತ ಸುಳ್ಳ ಅಂತ ನನಗ ಗೊತ್ತೈತಿ. ಇವತ್ತ ಖರೆ ಅಂತ ಹೆಂಗ ಗೊತ್ತಾಗಬೇಕು? ಹೇಳು."

ಪಾಟಿಯ ಮಾತನ್ನು ನಾನೇ ಹಾಳು ಮಾಡಿಟ್ಟಿದ್ದೆ. ಅವಳ ಕಾಲು ಹಿಡಿಯಲೇ ಅಂತಲೂ ಯೋಚಿಸಿದೆ. ಆಮೇಲೆ ಕಿವಿಗೆ ಹಾಕಿಕೊಳ್ಳುವ ನಳಿಗೆಯನ್ನು ನನ್ನ ಕೊರಳಿನಿಂದ ತೆಗೆದೆ. ಅವಳ ಸೆರಗು ಸರಿಸಿ ಅವಳ ಕಿವಿಗೇ ಹಾಕಿದೆ. ಅವಳು ಬೆಚ್ಚಿ ಮೊರ ಬಿಟ್ಟಳು.

"ನನ್ನ ನಂಬಬ್ಯಾಡ್ರಿ, ಪಾಟಿನೂ ನಂಬಬ್ಯಾಡ್ರಿ. ನೀವ ಕೇಳ್ರಿ. ಮೊದಲ ನಿಮ್ಮ ಕೈ ಕೊಡ್ರಿ."

ಅವಳ ರಟ್ಟೆಗೆ ಪಟ್ಟಿ ಕಟ್ಟಿ ಗಾಳಿ ತುಂಬಿದೆ. "ಗಡಿಯಾರ ನೋಡಿದಂಗ ಈ ಮುಳ್ಳ ನೋಡ್ರಿ. ಕೆಳಗ ಇಳೀತೈತಿ. ಕಿವ್ಯಾಗ ಸಪ್ಪಳ ಸುರುವಾದ ಕೂಡಲೇ ಹೇಳ್ರಿ" ಅಂದೆ. ಮುಳ್ಳು ನಿಧಾನಕ್ಕೆ ಇಳಿಯಿತು. ನೂರಾ ಮೂವತ್ತರ ಹತ್ತಿರ ಬಂದಾಗ ಅವಳು ಕಣ್ಣಗಲಿಸಿ, "ಬಂತ, ಬಂತ! ದಬ್ ದಬ್ ಅನ್ನಾಕತ್ತೈತಿ. ಇದು ನಂದ ಐತೇನ?" ಅಂದಳು. ಒಂದು ಗಳಿಗೆ ಸಣ್ಣ ಹುಡುಗಿಯಾಗಿಬಿಟ್ಟಳು. "ನಿಮ್ಮದರಿ. ಮುಳ್ಳ ಎಲ್ಲಿತ್ತು, ನೆನಪ ಇಟಗೋರಿ."

ಆಮೇಲೆ ಅದೇ ಪಟ್ಟಿಯನ್ನು ಸೊಸೆಯ ರಟ್ಟೆಗೆ ಕಟ್ಟಿದೆ. ಗಾಳಿ ತುಂಬಿದೆ, ಬಿಟ್ಟೆ. ಮುಳ್ಳು ಇಳಿಯಲು ಸುರು ಮಾಡಿತ್ತಷ್ಟೇ, ಅತ್ತೆಯ ಮುಖ ಬದಲಾಯಿತು. ಅವಳು ಬಂತು ಅನ್ನಲಿಲ್ಲ. ಮುಳ್ಳು ನೋಡಿದಳು, ಸೊಸೆಯನ್ನು ನೋಡಿದಳು. ಮುಳ್ಳು ಅವಳದೇ ಸಪ್ಪಳ ಸುರುವಾಗಿದ್ದ ಜಾಗಕ್ಕೆ ಇಳಿದು ಬರುವತನಕ ಆ ಸಪ್ಪಳ ಬಡಿಯುತ್ತಲೇ ಇತ್ತು, ದಾಟಿದ ಮೇಲೂ ಬಡಿಯುತ್ತಿತ್ತು. ಅವಳು ನಳಿಗೆ ಕಿತ್ತು ನನ್ನ ಕೈಗಿಟ್ಟಳು.

"ಅವಗ ಫೋನ್ ಹಚ್ಚು. ಗಾಡಿ ತಗೊಂಡ ಬಾ ಅನ್ನು" ಅಂದಳು. ಅವ ಅಂದರೆ ಅವಳ ಮಗ, ಹುಡುಗಿಯ ಗಂಡ. ಹೊಲದಲ್ಲಿ ಕಬ್ಬು ಕಡಿಸುತ್ತಿದ್ದ.

ಅವನು ಬರುವುದರೊಳಗೆ ನನಗೊಂದು ಕೆಲಸವಿತ್ತು. ಝಟಕಿ ಬರದಂತೆ ತಡೆಯುವ ಇಂಜೆಕ್ಷನ್ನಿನ ಮೊದಲ ಡೋಸನ್ನು ನಾನೇ ಕೊಡಬೇಕಿತ್ತು. ಔಷಧ ಚೀಲದಲ್ಲೇ ಇತ್ತು, ಆದರೆ ನಾನದನ್ನು ಕೊಟ್ಟು ವರ್ಷಗಳೇ ಆಗಿದ್ದವು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಫೋನ್ ಮಾಡಿದೆ. ಅವರು, "ಕೊಡ್ರಿ ಸಿಸ್ಟರ್, ಟ್ಯಾಬ್ ಮುಂದ ಇಟಗೊಂಡ ಕೊಡ್ರಿ" ಅಂದರು. ಎಷ್ಟು ಎಳೆಯಬೇಕು, ಎಲ್ಲಿ ಚುಚ್ಚಬೇಕು, ಚುಚ್ಚುವ ಮೊದಲು ಏನು ನೋಡಬೇಕು, ಒಂದೊಂದೂ ಆ ಪಾಟಿಯ ಮೇಲೆ ಸಾಲಾಗಿ ಬಂತು. ಅದೇ ದರಿದ್ರ ಕನ್ನಡದಲ್ಲಿ. ಅವತ್ತು ಒಂದಕ್ಷರಕ್ಕೂ ನಾನು ನಗಲಿಲ್ಲ. ಒಂದನೇ ಇಯತ್ತೆಯ ಹುಡುಗಿಯ ಹಾಗೆ ಬೆರಳಿಟ್ಟು ಓದಿಕೊಂಡು, ಅದು ಹೇಳಿದಷ್ಟನ್ನೇ, ಹೇಳಿದ ಹಾಗೇ ಮಾಡಿದೆ. ಖರೆ ಅಂಕಿ ಕೊಟ್ಟರೆ ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನುವುದು ನನಗೆ ಅವತ್ತು ಗೊತ್ತಾಯಿತು. ಅಷ್ಟು ದಿನ ನಾನು ಅದಕ್ಕೆ ಅಂಥ ಅವಕಾಶವನ್ನೇ ಕೊಟ್ಟಿರಲಿಲ್ಲ.

ಗಾಡಿ ಹೊರಟಿತು. ಹಿಂದಿನ ಸೀಟಿನಲ್ಲಿ ಹುಡುಗಿಯ ತಲೆ ನನ್ನ ತೊಡೆಯ ಮೇಲೆ. ಕಬ್ಬಿನ ಹಂಗಾಮು. ಕಾರ್ಖಾನೆಯ ಕಡೆ ತಿರುಗುವಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆಯನ್ನೇ ಮುಚ್ಚಿ ನಿಂತಿದ್ದವು. ಹಾಡು ಹಚ್ಚಿಕೊಂಡು ಡ್ರೈವರುಗಳು ಆರಾಮಾಗಿ ಮಲಗಿದ್ದರು. ಅತ್ತೆ ಗಾಡಿಯಿಂದ ಇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲ ಟ್ರ್ಯಾಕ್ಟರಿನ ಮುಂದೆ ನಿಂತು, "ಏ ಮೂಳಾ, ಇಳೀತಿಯೋ ನಾ ಮ್ಯಾಲ ಏರ್ಲ್ಯೋ?" ಅಂತ ಸುರು ಮಾಡಿದಳು. ಆಮೇಲೆ ಅಂದದ್ದನ್ನು ನಾನು ಬರೆಯಲಾರೆ. ಹನ್ನೊಂದು ಟ್ರ್ಯಾಕ್ಟರು ಒಂದರ ಹಿಂದೆ ಒಂದು ಬದಿಗೆ ಸರಿದವು. ಆ ಬಾಯಿಯಿಂದ ಅಷ್ಟು ಅನ್ನಿಸಿಕೊಂಡ ನನಗೆ ಅವತ್ತು ಅದಕ್ಕೆ ಮುತ್ತಿಡಬೇಕು ಅನ್ನಿಸಿತು.

ಮಧ್ಯಾಹ್ನ ಜಮಖಂಡಿಯಲ್ಲಿ ಆಪರೇಷನ್ ಮಾಡಿ ಕೂಸನ್ನು ತೆಗೆದರು. ಹೆಣ್ಣು. ಸಣ್ಣದು, ಒಂದು ಬೊಗಸೆಯಷ್ಟು, ಆದರೆ ಅತ್ತಿತು. ಡಾಕ್ಟರು ಹೊರಗೆ ಬಂದು, "ಝಟಕಿ ಬರೂಕಿಂತ ಮೊದಲ ತಂದ್ರಿ, ಛಲೋ ಆತು. ಸಂಜೀತನಕ ಮನ್ಯಾಗ ಇಟ್ಟಿದ್ರ ಏನ ಆಗ್ತಿತ್ತೋ ಹೇಳಾಕ ಬರ್ತಿದ್ದಿಲ್ಲ" ಅಂದರು.

ಅವರು ಹೋದ ಮೇಲೆ ಬೆಂಚಿನ ಮೇಲೆ ನಾನೂ ಅತ್ತೆಯೂ ಉಳಿದೆವು. ಅವಳು ಇಬತ್ತಿ ಅಳಿಸಿಹೋದ ಹಣೆಯನ್ನು ಗೋಡೆಗೆ ಒರಗಿಸಿ, "ನೀ ಅವತ್ತ ಸಿಟ್ಟಿಗೆ ಕಳಿಸಿದಿ. ನಾ ಇವತ್ತ ಸಿಟ್ಟಿಗೆ ಕಳಸ್ತಿದ್ದಿಲ್ಲ. ನಮ್ಮಿಬ್ಬರ ನಡುವ ಆ ತಾಯಿಲ್ಲದ ಪೋರಿ ಹೋಗಿಬಿಡ್ತಿತ್ತು" ಅಂದಳು. ನನಗೆ ಅಳು ತಡೆಯಲಾಗಲಿಲ್ಲ. "ಸುಮ್ಮನಿರ ಬೇ," ಅಂತ ಅವಳು ನನ್ನ ಮೊಣಕೈ ತಿವಿದಳು, "ನರ್ಸ್ ಅಳೂದ ನೋಡಿದ್ರ ಇಲ್ಲಿ ಬಂದ ಪೇಷಂಟ್ ಎಲ್ಲಾ ಓಡಿ ಹೋಗ್ತಾವ." ಹಾಗೆ ಅಂದವಳ ಕಣ್ಣೂ ತುಂಬಿದ್ದವು.

ಮೂರನೇ ದಿನ ಹುಡುಗಿಯನ್ನು ನೋಡಲು ಹೋದೆ. ಅತ್ತೆ ಕೂಸಿನ ಕೋಣೆಯ ಹತ್ತಿರ ಇದ್ದಳು. ಹುಡುಗಿಯ ಮುಖದ ಬಾವು ಇಳಿದಿತ್ತು. ಬಳೆಗಳನ್ನು ಅಲ್ಲಿಯವರು ಒಡೆದು ತೆಗೆದಿದ್ದರು, ಕೈ ಮೇಲೆ ಗೆರೆ ಗೆರೆ ಉಳಿದಿದ್ದವು. ನಾನು ಮಂಚದ ಅಂಚಿಗೆ ಕೂತು, ಅಷ್ಟು ದಿನ ಅವಳಿಗೆ ತೋರಿಸಿದ ಗಂಟು ಮುಖಕ್ಕೆ ಏನಾದರೂ ಹೇಳಬೇಕು ಅಂತ ಮಾತು ಹುಡುಕುತ್ತಿದ್ದೆ. ಅವಳೇ ಸುರು ಮಾಡಿದಳು. ಅತ್ತೆಯ ಮುಖ ನೋಡದೆ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅಕ್ಕಾರ, ಮೊದಲನೇ ಸಲ ನೀವು ನೂರಾ ಐವತ್ತ ಒತ್ತಿದ್ದು ನಾ ನೋಡಿದ್ದೆರಿ. ನಾ ಬನಹಟ್ಟಿ ಕಾಲೇಜಿನ್ಯಾಗ ಬಿ.ಎ. ಮುಗಿಸೇನಿ. ಪಾಟಿ ಓದಾಕ ಬರತೈತಿ."

"ಮತ್ತ ಅವತ್ತ ಯಾಕ ಹೇಳ್ಲಿಲ್ಲವಾ?"

"ಹಪ್ಪಳದ ಕೆಲಸ ತಪ್ಪತೈತಿ, ಒಂದ ದಿನ ಜಮಖಂಡಿ ನೋಡಿ ಬರೂಣು ಅಂತ ಸುಮ್ಮನಾದೆರಿ." ಸ್ವಲ್ಪ ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳು ನಗು ನಿಲ್ಲಿಸಿದಳು. "ಗುರುವಾರನೂ ನಾ ನಿಮ್ಮ ಬಾಜೂಕ ನಿಂತಿದ್ದೆರಿ. ಬುಧವಾರದಿಂದ ತಲಿ ಸಿಡದ ಹೋಗಾಕತ್ತಿತ್ತು. ಕಣ್ಣ ಮುಂದ ಮಿಂಚ ಹೊಡದಂಗ ಆಗ್ತಿತ್ತು. ತಲಿ ನೋವ ಐತೇನ, ಕಣ್ಣ ಮಂಜ ಆಗ್ತಾವೇನ ಅಂತ ಪಾಟ್ಯಾಗ ಬಂತರಿ. ಈಗ ನನ್ನ ಕೇಳ್ತಾರ, ಈಗ ಹೇಳೂಣು ಅಂತ ನಿಂತಿದ್ದೆ. ನೀವು ನನ್ನ ಕಡೆ ನೋಡ್ಲಿಲ್ಲ. ಇಲ್ಲ, ಇಲ್ಲ, ಇಲ್ಲ ಅಂತ ಒತ್ತಕೋತ ಹೋದ್ರಿ."

"ನೀನರ ಹೇಳಬಾರದಾಗಿತ್ತೇನವಾ?"

"ಹೆಂಗ ಹೇಳ್ಲಿರಿ? ಹೇಳಿದ್ರ ನೀವು ಕೆಂಪ ಮಾಡ್ತೀರಿ, ಅತ್ತಿ ಅದು ಸುಳ್ಳ ಅಂತಾರ. ಮತ್ತ ನಿಮ್ಮಿಬ್ಬರ ಜಗಳ. ಅದಕ್ಕ ಗುಳಿಗಿ ತಗೊಂಡ ಮನಿಗೆ ಹೋದೆ."

ಗುರುವಾರದಿಂದ ಸೋಮವಾರ. ನಾಲ್ಕು ದಿನ ಆ ತಲೆ ಹೊತ್ತುಕೊಂಡು ಆ ಹುಡುಗಿ ಆ ಮನೆಯ ಕೆಲಸ ಮಾಡಿದ್ದಳು. ಪಾಟಿ ಕೇಳಿತ್ತು. ಕೇಳದಿದ್ದವಳು ನಾನು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. "ತಪ್ಪಾತವಾ" ಅಂದೆ. ಅತ್ತೆಗೆ ಅಂದಿದ್ದಕ್ಕಿಂತ ಅದು ಕಷ್ಟವಾಯಿತು.

ಅವಳು ದಿಂಬು ಸರಿಮಾಡಿಕೊಂಡು ನನ್ನ ಮುಖವನ್ನೇ ನೆಟ್ಟಗೆ ನೋಡಿದಳು.

"ಈಗರ ಕೇಳ್ರಿ" ಅಂದಳು.

ಟ್ಯಾಬ್ ಚೀಲದಲ್ಲಿತ್ತು. ಹೊರಗೆ ತೆಗೆಯಲಿಲ್ಲ. ಅವಳ ಕೈ ಹಿಡಿದುಕೊಂಡು ಕೇಳಿದೆ: "ತಲಿ ನೋವೈತೇನವಾ?"

"ಐತ್ರಿ," ಅಂದಳು, "ಸ್ವಲ್ಪ ಐತಿ."